ಹೆಣ್ಣು ನೋಡಲು ಬಂದವನ ಮೇಲೆ ಸೇಡು

ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಬಂದ ಮಂದಾರಳಿಗೂ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಸುಮಂತನಿಗೂ ಕಣ್ಣು ಕೂಡಿತು.

ಅವನು ನಕ್ಕ. ಅವಳೂ ನಕ್ಕಳು.

'ನಗು ಸುಮಂತ... ಇನ್ನು ಸ್ವಲ್ಪ ಹೊತ್ತು ನಗು!'

ಮೂರು ವರ್ಷದ ಹಿಂದೆ ಅವನು ಬಾಲಾನಗರದ ಇದೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ. ಅವಳ ಅಪ್ಪ ಚನ್ನಬಸಪ್ಪನವರ ಒಪ್ಪಿಗೆ ಪಡೆದು, ಮನೆಯ ಇಂಟರ್ನೆಟ್‌ಗೆ ಒಂದು ಪುಟ್ಟ ಸರ್ವರ್ ಪೆಟ್ಟಿಗೆ ಜೋಡಿಸಿದ್ದ. ಸರ್ಕಾರವೇ ಸುದ್ದಿತಾಣಗಳನ್ನು ಮುಚ್ಚಿಬಿಟ್ಟ ಯಾವುದೋ ದೇಶದ ಜನ ಈ ಮನೆಯ ಇಂಟರ್ನೆಟ್ ಮೂಲಕ ಸುತ್ತಿ ಹೋಗಿ ಅವನ್ನು ಓದುತ್ತಿದ್ದರು. ಅವರು ಯಾರೆಂದು ಅವನಿಗೂ ತಿಳಿಯುತ್ತಿರಲಿಲ್ಲ. "ತಿಳಿಬಾರದು, ಅದೇ ಇದರ ಚೆಂದ" ಎನ್ನುತ್ತಿದ್ದ. ಆ ಮಾತಿಗೇ ಅವಳು ಸೋತಿದ್ದಳು. ಮದುವೆಯಾಗುವೆನೆಂದು ಅವನು ಅವಳಿಗೆ ಮಾತನ್ನೂ ಕೊಟ್ಟಿದ್ದ.

ಆಮೇಲೆ ಅಪ್ಪ ಕೆಲಸ ಮಾಡುತ್ತಿದ್ದ ರಕ್ಷಣಾ ಕಾರ್ಖಾನೆಯಲ್ಲಿ ವಿಚಾರಣೆ ಶುರುವಾಯಿತು. ಮನೆಯಿಂದ ವಿದೇಶಕ್ಕೆ ಇಷ್ಟೊಂದು ಸಂಪರ್ಕ ಯಾಕೆ? ಅಪ್ಪನನ್ನು ಪ್ರಯೋಗಾಲಯದಿಂದ ಉಗ್ರಾಣಕ್ಕೆ ಹಾಕಿದರು. ಅದೇ ವಾರ ಸುಮಂತ ಮನೆ ಖಾಲಿ ಮಾಡಿದ. ಒಂದು ಮಾತಿಲ್ಲ, ಒಂದು ಫೋನಿಲ್ಲ!

ಅವಳು ಆ ಪೆಟ್ಟಿಗೆಯನ್ನು ಕಿತ್ತು, ಗುಜರಿಯವನಿಗೆ ಕೊಡಿ ಎಂದು ಅಪ್ಪನ ಕೈಗೆ ಕೊಟ್ಟಿದ್ದಳು. ಈಗ ಅವನ ಮನೆಯಿಂದಲೇ ಸಂಬಂಧ ಕೇಳಿ ಬಂದಾಗ 'ಬರಲಿ' ಎಂದಿದ್ದಳು. ಎಲ್ಲರೆದುರು ಬೇಡ ಎನ್ನುವುದಕ್ಕಾಗಿಯೇ.

ಸುಮಂತನ ಸೋದರತ್ತೆ ಗುಂಡಮ್ಮ ಕೇಳಿದರು, "ಏನವಾ, ನಮ್ಮ ಹುಡುಗ ಮನಸ್ಸಿಗೆ ಬಂದಾನೇನು?"

"ಒಂದು ಮಾತು ಕೇಳೂದೈತ್ರಿ." ಮಂದಾರಳ ದನಿ ತಣ್ಣಗಿತ್ತು. "ನಮ್ಮಪ್ಪನ ಹೆಸರಿನ ಇಂಟರ್ನೆಟ್ ಮ್ಯಾಲ ಊರ ಮಂದಿಗೆಲ್ಲಾ ಉಪಕಾರ ಮಾಡಿ, ಅಪ್ಪನ್ನ ವಿಚಾರಣೆಗೆ ಕರೆದಾಗ ಓಡಿಹೋದವರು ಯಾರು ಅಂತ ಇವರನ್ನ ಕೇಳ್ರಿ."

"ಅಯ್ಯ! ನಾವು ಹೆಣ್ಣು ನೋಡಾಕ ಬಂದ್ವೋ, ಪೊಲೀಸ್ ಠಾಣೆಗೆ ಬಂದ್ವೋ!"

ಸುಮಂತನ ಮುಖ ಬಿಳಿಚಿತು. "ತಪ್ಪು ನಂದೇ" ಎಂದು ಎದ್ದ.

ಇಷ್ಟೇನಾ? ಅವಳ ಎದೆ ಉರಿಯಿತು. ಜಗಳವಾಡಲಿ, ಬೇಡಿಕೊಳ್ಳಲಿ... ಅದನ್ನು ನೋಡಬೇಕಿತ್ತು ಅವಳಿಗೆ!

"ಕುಂದ್ರು ಸುಮಂತ." ಚನ್ನಬಸಪ್ಪನವರು ಬಾಯಿ ತೆರೆದರು. "ಅಂವ ಓಡಿಹೋಗಿಲ್ಲವ್ವಾ. ನಾನೇ ಓಡಿಸಿದೆ."

"ಅಪ್ಪಾ?"

"ತಪ್ಪೆಲ್ಲಾ ನಂದೇ ಅಂತ ಬರಕೊಂಡು ಕಾರ್ಖಾನಿ ಗೇಟಿಗೆ ಬಂದಿದ್ದ. ಬೈದು ಕಳಿಸಿದೆ. ವಿಚಾರಣೆ ಮುಗಿಯೋ ತನಕ ಮಂದಾರಗ ಫೋನೂ ಮಾಡಬ್ಯಾಡ, ನಿಮ್ಮಿಬ್ಬರ ಹೆಸರೂ ಸಿಕ್ಕೊಂತಾವ ಅಂದೆ. ಆ ಪೆಟ್ಟಿಗಿ ತೆಗಿ, ಇಲ್ಲಾ ಪ್ರಯೋಗಾಲಯ ಬಿಡು ಅಂತ ಕಾರ್ಖಾನಿಯವರು ಅಂದ್ರು. ನಾನೇ ಪ್ರಯೋಗಾಲಯ ಬಿಟ್ಟೆ. ಪೆಟ್ಟಿಗಿ ಗುಜರಿಗೆ ಹೋಗಿಲ್ಲ... ನಾನೇ ಮತ್ತ ಜೋಡಿಸೀನಿ, ನನ್ನ ಕೋಣ್ಯಾಗ ಟ್ರಂಕಿನ ಹಿಂದ ಈಗಲೂ ನಡದೈತಿ."

"ನನಗ ಯಾಕ ಹೇಳಲಿಲ್ಲ?"

"ಕಾರ್ಖಾನಿ ಮಾತು ಮನ್ಯಾಗ ಆಡೂದು ನನಗ ಗೊತ್ತೇ ಇಲ್ಲಲ್ಲ." ಅವರು ಅಂಗೈ ನೋಡಿಕೊಂಡರು. "ನೌಕರಿ ಪೂರ್ತಿ ಬಾಯಿ ಮುಚ್ಚಿಕೊಂಡೇ ಮಾಡೀನಿ. ಬ್ಯಾರೇ ಮಂದಿಗಾದ್ರೂ ಓದಾಕ, ಮಾತಾಡಾಕ ದಾರಿ ಇರಲಿ ಅನ್ನಿಸ್ತು."

ಮನೆಯಲ್ಲಿ ಕಾರ್ಖಾನೆಯ ಹೆಸರೆತ್ತದ ಅಪ್ಪನ ಮೌನವನ್ನು ಅವಳು ಅವಮಾನದ ನೋವೆಂದು ತಿಳಿದಿದ್ದಳು. ಅದರ ಮೇಲೆಯೇ ಸೇಡು ಕಟ್ಟಿದ್ದಳು.

ಅವಳು ಸುಮಂತನತ್ತ ತಿರುಗಿದಳು. ಕಣ್ಣು ತುಂಬಿತ್ತು, ಆದರೂ ಸಿಟ್ಟು ಇಳಿದಿರಲಿಲ್ಲ.

"ಅಪ್ಪಗ ಕೊಟ್ಟ ಮಾತು ಉಳಿಸಿಕೊಂಡಿ. ನನಗ ಕೊಟ್ಟಿದ್ದು?"

"ಅದಕ್ಕೇ ಬಂದೀನಿ." ಸುಮಂತ ಮತ್ತೆ ಕುಳಿತ. "ವಿಚಾರಣೆ ಮುಗೀತು, ತಪ್ಪೇನೂ ಸಿಗಲಿಲ್ಲ ಅಂತ ಚನ್ನಬಸಪ್ಪ ಕಾಕಾ ಹೇಳಿದ ಮರುದಿನಾನೇ ಸಂಬಂಧ ಕೇಳಾಕ ಅತ್ತಿನ್ನ ಕಳಿಸಿದೆ. ನಿನ್ನ ಬಿಟ್ಟು ನನಗ ಯಾರೂ ಬ್ಯಾಡ ಮಂದಾರ."

"ಸೇಡು ಬಿಡಂಗಿಲ್ಲ ನಾ."

"ಬಿಡಬ್ಯಾಡ."

"ಮೂರು ವರ್ಷ ಸುಮ್ಮನಿದ್ದೀಯಲ್ಲ, ಅಷ್ಟೂ ಹೇಳಬೇಕು. ಸುಳ್ಳು ಅನ್ನಿಸಿದ್ರ ಮತ್ತ ಮೊದಲಿಂದ."

"ಎಲ್ಲಿಂದ ಶುರು ಮಾಡ್ಲಿ?"

ಅವಳು ಅವನ ಎದುರಿಗೇ ಚಾಪೆಯ ಮೇಲೆ ಕುಳಿತು ಕಣ್ಣೊರೆಸಿಕೊಂಡಳು.

"ಗೇಟಿನಿಂದ. ಅಪ್ಪ ಏನೇನು ಬೈದ್ರು, ಒಂದೂ ಬಿಡದಂಗ ಹೇಳು."