ತುರ್ತು ಸಂಪರ್ಕ: ನಿಸರ್ಗಾ

ಬೆಳಿಗ್ಗೆ ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ನಾನು ಲಾಯ್ಡ್‌ನ ಬದುಕಿನಿಂದ ನನ್ನನ್ನೇ ಅಳಿಸಿ ಹಾಕಿದೆ. ಅದೂ ಒಂದೇ ಒಂದು ಅಕ್ಷರ ಒತ್ತಿ. ಅಲ್ಲಿ ನಾನು ಇದ್ದೆ ಅನ್ನುವುದೇ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಹೇಗೆ ಅಂತ ಹೇಳುತ್ತೇನೆ, ನಗಬೇಡಿ.

ನಮ್ಮ ಕಂಪನಿ ಇರುವುದು ಬ್ಲಾಂಚರ್ಡ್ಸ್‌ಟೌನ್‌ನ ಟೆಕ್ ಪಾರ್ಕಿನಲ್ಲಿ. ಆಸ್ಪತ್ರೆಗಳಿಗೆ ಬೇಕಾದ ಟ್ಯೂಬು, ಸೂಜಿ ಮಾಡುತ್ತೇವೆ. ನಾನು ಸಾಫ್ಟ್‌ವೇರ್ ಕಡೆ, ಲಾಯ್ಡ್ ಗೋದಾಮಿನ ಕಡೆ. ಈ ವಾರ ನನಗೆ ಕೊಟ್ಟ ಕೆಲಸ, ಒಂದು ಎಐ ಏಜೆಂಟನ್ನು ಎಚ್‌ಆರ್ ಸಾಫ್ಟ್‌ವೇರಿಗೆ ಜೋಡಿಸುವುದು. ಯಾರಾದರೂ ರಜೆ ಎಷ್ಟು ಉಳಿದಿದೆ ಎಂದು ಕೇಳಿದರೆ ಅದು ಹುಡುಕಿ ಹೇಳಬೇಕು, ದಾಖಲೆಗಳಲ್ಲಿ ಕಸ ಇದ್ದರೆ ಗುಡಿಸಬೇಕು. ಈ ಜೋಡಣೆಗೆ ಚಂದದ ಪರದೆ, ಗುಂಡಿ ಏನೂ ಇಲ್ಲ. ಒಂದು ಕಪ್ಪು ಕಿಟಕಿ, ಮಿಣುಕುವ ಕರ್ಸರ್, ನಾನು ಟೈಪ್ ಮಾಡುವ ಕಮಾಂಡು. ನನಗೆ ಅದೇ ಇಷ್ಟ. ಅಲ್ಲಿ ನಾನು ಹೇಳಿದಷ್ಟೇ ನಡೆಯುತ್ತದೆ ಎಂಬ ಜಂಬ.

ಪರೀಕ್ಷೆಗೆಂದು ದಾಖಲೆಗಳ ನಕಲು ಪ್ರತಿ ಬೇರೆ ಇತ್ತು. ಒಂದೇ ಫೋನ್ ನಂಬರ್ ಎರಡು ಕಡೆ ಇದ್ದರೆ ಹುಡುಕಿ ಸರಿಮಾಡು ಎಂದು ಏಜೆಂಟಿಗೆ ಬರೆದೆ. ಒಂದು ಸಿಕ್ಕಿತು. ನಂಬರ್ ಯಾರದೋ ಅವರಲ್ಲೇ ಉಳಿಸಿ, ಇನ್ನೊಂದು ಕಡೆ ತೆಗೆಯಲೇ ಎಂದು ಅದು ಕೇಳಿತು. ಅಷ್ಟರಲ್ಲಿ ಎಚ್‌ಆರ್ ಮ್ಯಾನೇಜರ್ ಬರ್ನಡೆಟ್ ಟೀ ತಂದಿಟ್ಟು ಬಿಸಿಲಿನ ಸುದ್ದಿ ಶುರು ಮಾಡಿದ್ದರು. ಸದಾ ಮಳೆಯ ಈ ದೇಶದಲ್ಲಿ ಬಿಸಿಲು ಬಂದರೆ ಅದನ್ನು ಬಿಟ್ಟು ಬೇರೆ ಮಾತಿಲ್ಲ. ಅವರಿಗೆ ತಲೆಯಾಡಿಸುತ್ತ, ಏಜೆಂಟಿಗೆ ‘ಯೆಸ್’ ಎನ್ನಲು ‘ವೈ’ ಒತ್ತಿದೆ.

ಅವರು ಹೋದ ಮೇಲೆ ಪರದೆ ನೋಡಿದೆ.

ಉದ್ಯೋಗಿ: ಲಾಯ್ಡ್ ಪಿರೇರಾ. ತುರ್ತು ಸಂಪರ್ಕ: ನಿಸರ್ಗಾ. ಸಂಬಂಧ: ಖಾಲಿ. ತೆಗೆದುಹಾಕಲಾಗಿದೆ.

ಎರಡು ಕಡೆ ಇದ್ದ ನಂಬರ್ ನನ್ನದೇ. ಮೂರು ಸಲ ಓದಿದೆ. ಆಮೇಲೆ ಮೇಲಿನ ಸಾಲಿನ ವಿಳಾಸ ನೋಡಿದೆ. ಅದು ನಕಲು ಪ್ರತಿಯ ವಿಳಾಸವಲ್ಲ, ಅಸಲಿಯದು. ನಾನೇ ತಪ್ಪಿ ಕೊಟ್ಟಿದ್ದೆ.

ಇನ್ನೂ ಇದೆ. ಇಂಥ ಬದಲಾವಣೆಯಾದರೆ ಸಾಫ್ಟ್‌ವೇರ್ ತಾನೇ ಆ ಉದ್ಯೋಗಿಗೆ ಇಮೇಲ್ ಕಳಿಸುತ್ತದೆ. ದಾಖಲೆಗಳೊಳಗೆ ಹೋಗಲು ಏಜೆಂಟಿಗೆ ನಾನು ಕೊಟ್ಟ ಕೀ, ಅಂದರೆ ಪಾಸ್‌ವರ್ಡಿನಂಥದ್ದು, ನನ್ನ ಹೆಸರಿನದು. ಹಾಗಾಗಿ ಲಾಯ್ಡ್‌ಗೆ ಹೋದ ಇಮೇಲಿನಲ್ಲಿ ಸ್ಪಷ್ಟವಾಗಿ ಹೀಗಿತ್ತು: ನಿಮ್ಮ ತುರ್ತು ಸಂಪರ್ಕ ನಿಸರ್ಗಾ ಅವರನ್ನು ತೆಗೆಯಲಾಗಿದೆ. ಬದಲಾಯಿಸಿದವರು: ನಿಸರ್ಗಾ.

ಇದಕ್ಕಿಂತ ಕೆಟ್ಟದಾಗಿ ಯಾರನ್ನಾದರೂ ಬೇಡ ಅನ್ನಲು ಸಾಧ್ಯವೇ?

ಜನವರಿಯಲ್ಲಿ ಅವನು ಹಿಮದ ಮೇಲೆ ಜಾರಿ ಕೈ ಮುರಿದುಕೊಂಡಿದ್ದ. ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನಾನು ಒಂಬತ್ತು ಗಂಟೆ ಜೊತೆಗೆ ಕೂತೆ. ಅವನ ಮನೆಯವರೆಲ್ಲ ಕುಂದಾಪುರದಲ್ಲಿ. ನಿಮ್ಮ ಕಡೆಯವರು ಯಾರು ಎಂದು ನರ್ಸ್ ಕೇಳಿದಾಗ ಅವನು ಸುಮ್ಮನೆ ನನ್ನ ಕಡೆ ನೋಡಿದ. ನಾನು ಚಾಕೊಲೇಟ್ ಮೆಷಿನ್ ಕಡೆ ನೋಡಿದೆ. ಪುನಃ ತಿರುಗಿದಾಗಲೂ ಅವನು ನೋಡುತ್ತಲೇ ಇದ್ದ, ಆಮೇಲೆ ಕಿವಿಯ ತುದಿ ಕೆಂಪು ಮಾಡಿಕೊಂಡು ತನ್ನ ಶೂ ನೋಡತೊಡಗಿದ. ಅವತ್ತಿನಿಂದ ನಾವು ಕ್ಯಾಂಟೀನಿನಲ್ಲಿ ಒಟ್ಟಿಗೇ ಊಟ. ನನ್ನ ತುಮಕೂರು ಕನ್ನಡವನ್ನು ಅವನು ಅಣಕಿಸುವುದು, ಅವನ ಕರಾವಳಿ ಕನ್ನಡವನ್ನು ನಾನು ಅಣಕಿಸುವುದು. ಅದರಾಚೆಗೆ ಒಂದು ಮಾತೂ ಇಲ್ಲ. ಆಡಿದರೆ ಇದ್ದದ್ದೂ ಹೋದೀತು ಎಂಬ ಭಯ ನನಗೆ.

ಈಗ ಆಡದೆಯೇ ಹೋಯಿತು.

ಬರ್ನಡೆಟ್‌ಗೆ ಆಗಲೇ ಹೇಳಿದೆ. ಅವರು ಕೀ ಬಂದ್ ಮಾಡಿಸಿದರು. ಬೇಗ ಹೇಳಿದ್ದು ‘ಗ್ರ್ಯಾಂಡ್’, ಒಳ್ಳೆಯದೇ ಆಯಿತು, ವರದಿ ನಾನು ಬರೆಯುತ್ತೇನೆ, ನೀನು ಇನ್ನು ಆ ದಾಖಲೆ ಮುಟ್ಟಬೇಡ ಎಂದರು. ಮುಟ್ಟಿದ್ದರೂ ಏನಾಗುತ್ತಿತ್ತು? ನಿಸರ್ಗಾಳನ್ನು ಸೇರಿಸಿದವರು ನಿಸರ್ಗಾ ಎಂದು ಎರಡನೇ ಮೇಲ್ ಹೋಗುತ್ತಿತ್ತು. ನಾಚಿಕೆಗೇಡು.

“ಆ ಜಾಗ ಲಾಯ್ಡೇ ತುಂಬಿಕೊಳ್ಳುತ್ತಾನೆ ಬಿಡು,” ಎಂದರು ಅವರು. “ತುಂಬಲೇಬೇಕು. ತುರ್ತು ಸಂಪರ್ಕ ಇಲ್ಲದೆ ನಾಳೆ ಗೋದಾಮಿನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಹತ್ತುವ ಹಾಗಿಲ್ಲ.”

ನನ್ನ ಜಾಗಕ್ಕೆ ಸಂಜೆಯೊಳಗೆ ಬೇರೆ ಯಾರೋ ಬರುತ್ತಾರೆ ಎಂದಾಯಿತು.

ಅಷ್ಟರಲ್ಲಿ ಅವನ ಮೆಸೇಜ್ ಬಂತು. ‘ಸಾರಿ ನಿಸರ್ಗಾ. ನಿನ್ನನ್ನು ಕೇಳದೆ ಹಾಕಿದ್ದು ನನ್ನ ತಪ್ಪು. ಇನ್ನು ತೊಂದರೆ ಕೊಡುವುದಿಲ್ಲ.’

ಫೋನ್ ಮಾಡಿದೆ, ಎತ್ತಲಿಲ್ಲ. ಐದು ಸಲ ಮಾಡಿದೆ. ಗೋದಾಮಿಗೆ ಓಡಿದರೆ ಅರ್ಧ ದಿನ ರಜೆ ಹಾಕಿ ಹೋಗಿದ್ದಾನೆ ಎಂದರು. ಮೆಸೇಜ್ ಬರೆಯಲು ಕೂತೆ. ‘ತೆಗೆದಿದ್ದು ನಾನಲ್ಲ, ಏಜೆಂಟ್’ ಎಂದು ಬರೆದು ಓದಿದರೆ, ತಾನೇ ಹಾಲು ಚೆಲ್ಲಿ ಬೆಕ್ಕಿನ ಮೇಲೆ ತಪ್ಪು ಹೊರಿಸಿದ ಹಾಗಿತ್ತು. ಅಳಿಸಿದೆ. ‘ನನಗೆ ಇಷ್ಟ ಇತ್ತು’ ಎಂದು ಬರೆದೆ. ಅದನ್ನು ಇನ್ನೂ ಬೇಗ ಅಳಿಸಿದೆ.

ನಾಲ್ಕೂವರೆಗೆ ಬಸ್ಸು ಹತ್ತಿದೆ. ಅವನಿರುವುದು ಕ್ಲಾಂಡಾಲ್ಕಿನ್‌ನಲ್ಲಿ. ಕಾರಿನಲ್ಲಿ ಕಾಲು ಗಂಟೆ, ಬಸ್ಸಿನಲ್ಲಿ ಸಿಟಿಗೆ ಹೋಗಿ ಬದಲಾಯಿಸಿ ಒಂದೂವರೆ ಗಂಟೆ. ಒಂದೂವರೆ ಗಂಟೆಯೂ ಆ ಖಾಲಿ ಜಾಗವನ್ನೇ ಯೋಚಿಸಿದೆ. ಸಂಬಂಧ: ಖಾಲಿ. ಏನೂ ಅಲ್ಲದವಳನ್ನು ಯಾಕೆ ಹಾಕಿದ? ಬೇರೆ ಯಾರೂ ಸಿಗಲಿಲ್ಲ ಎಂದೇ? ಹಾಗಿದ್ದರೆ ನಾನು ಯಾವ ಮುಖ ಇಟ್ಟುಕೊಂಡು ಬಾಗಿಲು ತಟ್ಟುವುದು? ಎರಡು ಸ್ಟಾಪ್ ಮುಂಚೆಯೇ ಇಳಿದು ವಾಪಸ್ ಹೋಗೋಣ ಅನ್ನಿಸಿತು. ಆದರೂ ಇಳಿದದ್ದು ಅವನ ಸ್ಟಾಪಿನಲ್ಲೇ.

ಬಾಗಿಲು ಅವನೇ ತೆಗೆದ. ಕೈಯಲ್ಲಿ ಸೌಟು, ಟೀ ಶರ್ಟಿನ ಮೇಲೆ ಅರಿಶಿನದ ಕಲೆ.

“ಎಂತ ಇಲ್ಲಿ?” ಅಂದ. ಆಮೇಲೆ, “ಬಾ ಒಳಗೆ. ಚಾ ಮಾಡ್ಲಾ?”

“ಚಾ ಬೇಡ. ಫೋನ್ ಯಾಕೆ ಎತ್ತಲಿಲ್ಲ?”

“ಎತ್ತಿ ಎಂತ ಹೇಳುವುದು ಮಾರಾಯ್ತಿ? ಪರವಾಗಿಲ್ಲ ಅಂತ ನಗುವ ಸ್ವರ ಬರ್ಬೇಕಲ್ಲ. ಬರ್ಲಿಲ್ಲ.”

ಅವನು ಒಲೆ ಆರಿಸಿದ. ಅಡುಗೆಮನೆಯ ಸಣ್ಣ ಮೇಜಿಗೆ ಎದುರುಬದುರು ಕೂತೆವು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಏಜೆಂಟು, ತಪ್ಪು ವಿಳಾಸ, ಟೀ, ‘ವೈ’.

“ನಿನ್ನ ದಾಖಲೆ ನಾನು ನೋಡಬಾರದಿತ್ತು, ನೋಡ್ಬಿಟ್ಟೆ. ಅದಕ್ಕೆ ಸಾರಿ. ಆದ್ರೆ ಬೇಕಂತ ತೆಗೀಲಿಲ್ಲ ಕಣೋ. ನನ್ನ ಹೆಸರು ಅಲ್ಲಿ ಐತೆ ಅಂತಾನೇ ನಂಗೊತ್ತಿರಲಿಲ್ಲ.”

ಅವನು ಸೌಟನ್ನು ಇನ್ನೂ ಹಿಡಿದೇ ಇದ್ದ. ಅದನ್ನು ನಿಧಾನಕ್ಕೆ ಮೇಜಿನ ಮೇಲಿಟ್ಟ.

“ಅಂದ್ರೆ ನಿಂಗೆ ಕೋಪ ಇಲ್ವಾ?”

“ನಂಗ್ಯಾಕೆ ಕೋಪ? ಹೆದರ್ಕೊಂಡು ಸತ್ತೆ ಬೆಳಗ್ಗಿಂದ.”

“ನಾನು ಅಶ್ವಿನ್‌ನ ಹೆಸರು ಹಾಕಿ ಆಯ್ತು,” ಅಂದ ಅವನು, ತಪ್ಪು ಒಪ್ಪಿಕೊಳ್ಳುವವನ ಹಾಗೆ. ಅಶ್ವಿನ್ ಅವನ ಜೊತೆ ಮನೆ ಹಂಚಿಕೊಂಡಿರುವವನು. ಅಡುಗೆಮನೆಯಲ್ಲಿ ಹೊಗೆ ಅಲಾರಂ ಹೊಡೆದುಕೊಂಡರೂ ಏಳದ ಭೂಪ.

“ಸಂಬಂಧ ಏನು ಅಂತ ಹಾಕ್ದೆ?”

“ಹೌಸ್‌ಮೇಟ್.”

“ನಂದು ಖಾಲಿ ಇತ್ತು. ಯಾಕೆ?”

ಅವನು ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದ. ಎದುರಿಗಿದ್ದ ಕಿಟಕಿ ನೋಡಿದ. ಕೊನೆಗೆ ಬೇರೆ ದಾರಿ ಕಾಣದೆ ನನ್ನನ್ನು ನೋಡಿದ. ಜನವರಿಯಲ್ಲಿ ನೋಡಿದ ಹಾಗೇ, ಆದರೆ ಈ ಸಲ ಶೂ ಕಡೆ ತಿರುಗಲಿಲ್ಲ.

“ಅದ್ರಲ್ಲಿ ಒಂದು ಪಟ್ಟಿ ಬರ್ತದೆ. ಅಮ್ಮ, ತಂಗಿ, ಹೆಂಡ್ತಿ, ಫ್ರೆಂಡ್. ಫ್ರೆಂಡ್ ಅಂತ ಹಾಕಿದ್ರೆ ಸುಳ್ಳಾಗ್ತದೆ. ಹೆಂಡ್ತಿ ಅಂತ ಹಾಕಿದ್ರೆ ದುರಾಸೆ ಆಗ್ತದೆ. ನಂಗೆ ಆಸೆ ಉಂಟು ನಿಸರ್ಗಾ. ಅವತ್ತು ಆಸ್ಪತ್ರೆಯಿಂದ ಉಂಟು. ಹೇಳ್ಲಿಕ್ಕೆ ಧೈರ್ಯ ಇರ್ಲಿಲ್ಲ. ಹಾಗೆ ಖಾಲಿ ಬಿಟ್ಟೆ.”

ಬೆಳಗಿನಿಂದ ಹಿಡಿದುಕೊಂಡಿದ್ದ ಅಳು ಆಗ ಬಂತು. ಅವನು ಗಾಬರಿಯಾಗಿ ಅಡುಗೆಮನೆಯ ಟಿಶ್ಯೂ ರೋಲನ್ನೇ ಇಡಿಯಾಗಿ ನನ್ನ ಮುಂದೆ ತಂದಿಟ್ಟ.

“ಒಂದು ವಿಷ್ಯ ಹೇಳ್ತೀನಿ, ನಗಬೇಡ,” ಎಂದೆ. “ಅಳಿಸಿಹೋಯ್ತಲ್ಲ ಅಂತ ಭಯ ಆಗೋಕೆ ಮುಂಚೆ, ನನ್ನ ಹೆಸರು ನೋಡಿ ಖುಷಿಯಾಯ್ತು. ಅಷ್ಟು ಖುಷಿ ನಂಗೆ ಈ ದೇಶಕ್ಕೆ ಬಂದ ಮೇಲೆ ಆಗಿರಲಿಲ್ಲ. ನೀನಂದ್ರೆ ನಂಗೂ ಇಷ್ಟ. ತುಂಬಾ.”

ಅವನು ನಗಲಿಲ್ಲ. ಕೈ ಚಾಚಿ ನನ್ನ ಬೆರಳುಗಳನ್ನು ಹಿಡಿದುಕೊಂಡ.

“ಹಾಗಾದ್ರೆ ಈಗ್ಲೇ ಅಶ್ವಿನ್‌ನ ತೆಗೆದು ನಿನ್ನ ಹೆಸರು ಹಾಕ್ತೇನೆ.”

“ಬೇಡ. ಆಫೀಸಿನಲ್ಲಿ ಅವನ ಹೆಸರೇ ಇರ್ಲಿ. ಏನಾದ್ರೂ ಆದ್ರೆ ಅವ್ರು ಅಶ್ವಿನ್‌ಗೆ ಫೋನ್ ಮಾಡ್ಲಿ. ನಂಗೆ ನೀನೇ ಮಾಡು.”

“ಎಂತದೂ ಆಗದಿದ್ರೆ?”

“ಆಗ ದಿನಾ ಮಾಡು.”

ಅವನು ಕೈ ಬಿಡದೆ, ಇನ್ನೊಂದು ಕೈಯಿಂದ ಜೇಬಿನ ಫೋನ್ ತೆಗೆದ. ನನ್ನ ಬ್ಯಾಗಿನೊಳಗೆ ರಿಂಗ್ ಆಯಿತು. ಅವನು ಎದುರಿಗೇ ಕೂತಿದ್ದ, ಆದರೂ ಎತ್ತಿದೆ.