ತಂಬಾಕು ವಖಾರದ ಹೊಸ ಕೂಲಿಯವಳು

2025ರ ಮಾರ್ಚ್ 11ರ ಬೆಳಿಗ್ಗೆ ನೂರಜಾನಬಿ ನಿಪ್ಪಾಣಿ ಠಾಣೆಗೆ ಬಂದಳು. ಚಿಕ್ಕೋಡಿಯ ತಂಗಿಯ ಮನೆಯಿಂದ ಮರಳಿದಾಗ, ತನ್ನ ಮಾಳಿಗೆಯಲ್ಲಿ ಬಾಡಿಗೆಗಿದ್ದ ಉಜ್ವಲಾ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದಳೆಂದು ದೂರು ಕೊಟ್ಟಳು.

"ಏನ್ ಕೆಲಸ ಮಾಡ್ತಿದ್ಲು?" ಇನ್‌ಸ್ಪೆಕ್ಟರ್ ಶಿವರಾಜ ಮಗದುಮ್ ಕೇಳಿದರು.

"ತಂಬಾಕದ ವಖಾರಕ್ಕ ಕೂಲಿಗೆ ಹೋಗ್ತಿದ್ಲರಿ. ಆದ್ರ ಕೈ ನೋಡಿದ್ರ ಕೂಲಿಯೋರ ಕೈ ಅಲ್ಲರಿ."

ಎಫ್‌ಐಆರ್ ದಾಖಲಾಯಿತು. ಪಂಚನಾಮೆಯ ವೇಳೆ ಶವದ ಮಣಿಕಟ್ಟಿನಲ್ಲಿ ಉಗುರಿನ ಗೀರುಗಳು ಕಂಡವು. ಮೊಬೈಲ್ ಇರಲಿಲ್ಲ. ಟ್ರಂಕಿನಲ್ಲಿ ಸಿಕ್ಕ ಗುರುತಿನ ಚೀಟಿ ಆಕೆ ಧಾರವಾಡದ ಪತ್ರಕರ್ತೆ ಎಂದು ಹೇಳಿತು. ಧೂಳು ಕುಡಿದು ದುಡಿಯುವ ಹೆಂಗಸರ ಬಗ್ಗೆ ಬರೆಯಲು ತಾನೇ ಕೂಲಿಯಾಗಿ ಸೇರಿದ್ದಳೆಂದು ಸಂಪಾದಕರು ಫೋನಿನಲ್ಲಿ ತಿಳಿಸಿದರು.

ಮೊದಲ ಅನುಮಾನ ಕೂಲಿಗಳ ಮೇಲ್ವಿಚಾರಕ, ವಖಾರದ ಮುಕಾದಮ ರಾಜಾರಾಮನ ಮೇಲೆ.

"ಪೇಪರಿಗೆ ಬರಿಯಾಕಿ ಅಂತ ಗೊತ್ತಿದ್ರ ಒಳಗ ಬಿಡ್ತಿದ್ವೇನ್ರಿ ಸಾಹೇಬರ?" ಎಂದ. ಉಜ್ವಲಾ ಸತ್ತ ರಾತ್ರಿ ಆತ ವಖಾರ ಬಿಟ್ಟು ಕದಲಿರಲಿಲ್ಲ. ಕ್ಯಾಮೆರಾ ಸಾಕ್ಷಿ ಹೇಳಿತು.

ವಖಾರದ ಒಳಗೆ ತಂಬಾಕಿನ ಘಾಟಿಗೆ ಕಾನ್‌ಸ್ಟೇಬಲ್ ಕೋಮಲಳ ಕಣ್ಣಲ್ಲಿ ನೀರು ಸುರಿಯಿತು. "ಉಜ್ವಲಾನ ಜೋಡಿ ಯಾರ್ ಕುಂದರ್ತಿದ್ರು?" ಎಂದು ಆಕೆ ಕೇಳಿದಾಗ ಹೆಂಗಸರು ತಲೆ ಎತ್ತಲಿಲ್ಲ. ಒಬ್ಬಳು ಮಾತ್ರ ಮೆಲ್ಲಗೆ, "ಸಾರಿಕಾ ರೀ. ಇವತ್ತ ಬಂದಿಲ್ಲ" ಎಂದಳು.

ಸಾರಿಕಾಳ ಮನೆಯಲ್ಲಿ ಜೋಳದ ಡಬ್ಬಿಯೊಳಗೆ ಉಜ್ವಲಾಳ ಮೊಬೈಲ್ ಸಿಕ್ಕಿತು. ಆಕೆ ಓಡಲಿಲ್ಲ.

"ಯಾಕ ದೂಡಿದಿ?" ಮಗದುಮ್ ಕೇಳಿದರು.

"ದೂಡಲಿಲ್ರಿ, ಫೋನ್ ಕಸಕೊಳ್ಳಾಕ ಹೋದೆ. ಅದರಾಗ ನನ್ನ ದನಿ ಐತ್ರಿ. ಕೆಮ್ಮಿದ್ರ ರಕ್ತ ಬರ್ತೈತಿ ಅಂತ, ಗೆಳತಿ ಅಂತ ತಿಳದು ಆಕಿ ಮುಂದ ಹೇಳಿದ್ದೆ. ತಾ ಪೇಪರಿಗೆ ಬರಿಯಾಕಿ ಅಂತ ಮೊನ್ನೆ ಹೇಳಿದ್ಲು. ಅಳಸು ಅಂತ ಕಾಲ್ ಹಿಡದೆ. 'ನಿನ್ನ ಮಾತಿಲ್ಲಂದ್ರ ಯಾರೂ ನಂಬಂಗಿಲ್ಲಕ್ಕಾ' ಅಂದ್ಲು. ಜಗ್ಗಾಡೂದರಾಗ ಬಿದ್ಲರಿ."

"ಅಳಸಿದ್ಯಾ?"

"ಲಾಕ್ ತೆಗಿಯಾಕ ಬರಲಿಲ್ರಿ."

ಸಂಜೆ ಸಾರಿಕಾಳ ಬಂಧನವಾಯಿತು. ಹಿಂದಿನ ವರ್ಷ ಆಕೆಯ ಅಕ್ಕ ಕಾಂಚನ, ತಪಾಸಣೆಗೆ ಬಂದ ಅಧಿಕಾರಿಯ ಮುಂದೆ ವಖಾರದ ಧೂಳಿನ ಬಗ್ಗೆ ಬಾಯಿ ಬಿಟ್ಟಿದ್ದಳು. ಆಮೇಲೆ ಊರಿನ ಯಾವ ವಖಾರವೂ ಕಾಂಚನಳನ್ನು ಒಳಗೆ ಸೇರಿಸಲಿಲ್ಲ. ಎರಡೂ ಮನೆಯ ಮಕ್ಕಳು ಸಾರಿಕಾಳ ಕೂಲಿಯಲ್ಲೇ ಉಣ್ಣುತ್ತಿದ್ದವು.

ಮರುದಿನ ಸಂಪಾದಕರು ಮೊಬೈಲಿನಲ್ಲಿದ್ದ ಸಾರಿಕಾಳ ದನಿಯ ಪ್ರತಿ ಕೇಳಿದರು. ಕೇಸ್ ಮುಗಿಯುವವರೆಗೆ ಕೊಡಲಾಗದೆಂದು ಹೇಳಿ ಮಗದುಮ್ ಫೋನ್ ಇಟ್ಟರು.

"ಅಲ್ಲೀತನಕ ಸಾರಿಕಾ ಬದುಕಿರ್ತಾಳೇನ್ರಿ ಸರ್?" ಕೋಮಲ ಕೇಳಿದಳು.

ಮಗದುಮ್ ಮೊಬೈಲ್ ಇದ್ದ ಲಕೋಟೆಗೆ ಅರಗು ಹಚ್ಚಿ ಸಹಿ ಹಾಕಿದರು.