ಮೂರನೇ ಸಾಲಿನ ದನಿ

"ಅದನ್ನ ಅಳಿಸ್ಬೇಡಿ... ಅದು ನನ್ನ ಹೆಂಡ್ತಿ."

ಹಿಂದಿನಿಂದ ಬಂದ ಮಾತಿಗೆ ಅವಳ ಬೆರಳು ಗುಂಡಿಯ ಮೇಲೆ ಹಾಗೇ ನಿಂತಿತು.

ರೇಡಿಯೊ ಕೇಂದ್ರದ ನೆಲಮಾಳಿಗೆಯಲ್ಲಿ ಹಳೆಯ ಧ್ವನಿಮುದ್ರಣಗಳನ್ನು ಕಂಪ್ಯೂಟರಿಗೆ ಇಳಿಸಿ, ಅದರೊಳಗಿನ ಗರಗರ ಸದ್ದು, ತಪ್ಪು ದನಿಗಳನ್ನು ಅಳಿಸುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಅದೇ. ಎಲ್ಲರೂ ಅವಳನ್ನು ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸು ನಲವತ್ತೇಳು, ಮದುವೆಯಾಗಿರಲಿಲ್ಲ.

ಅಂದು ತಿರುಗುತ್ತಿದ್ದದ್ದು ಮೂವತ್ತು ವರ್ಷ ಹಳೆಯ ಗ್ರಾಮಫೋನ್ ತಟ್ಟೆ. ಮೂರು ಶತಮಾನದ ಹಿಂದಿನ ಒಂದು ಓರಟೋರಿಯೊ. ವೇಷವಿಲ್ಲದೆ, ಅಭಿನಯವಿಲ್ಲದೆ, ಧರ್ಮಗ್ರಂಥದ ಕಥೆಯನ್ನು ಹಾಡಿನಲ್ಲೇ ಹೇಳುವ ದೊಡ್ಡ ಕೃತಿ. ಚರ್ಚೊಂದರಲ್ಲಿ ಅರವತ್ತು ಜನ ನಿಂತು ಹಾಡಿದ್ದರು. ಶೋಕದ ಭಾಗದಲ್ಲಿ ಎಲ್ಲರೂ ಒಮ್ಮೆ ಮೌನವಾಗುತ್ತಾರೆ. ಮತ್ತೆ ಒಟ್ಟಾಗಿ ಎತ್ತಿಕೊಳ್ಳುವ ಮುನ್ನ, ಒಬ್ಬ ಹೆಂಗಸಿನ ದನಿ ಅರ್ಧ ತಾಳ ಮೊದಲೇ ಜಾರಿ ಬರುತ್ತದೆ. ಒಂಟಿಯಾಗಿ. ಮರುಕ್ಷಣ ಉಳಿದವರು ಅದನ್ನು ನುಂಗಿಬಿಡುತ್ತಾರೆ.

ಬಾಗಿಲಲ್ಲಿ ನಿಂತವನು ಪಿಯಾನೊ ಶ್ರುತಿ ಮಾಡುವವನು. ಮೇಲಿನ ಸ್ಟುಡಿಯೊದ ಪಿಯಾನೊ ನೋಡಲು ಬಂದವನು ಹಾಡು ಕೇಳಿ ಮೆಟ್ಟಿಲಿಳಿದಿದ್ದ. ಐವತ್ತೈದರ ಆಸುಪಾಸು. ಮುಖ ಬಿಳಿಚಿಕೊಂಡಿತ್ತು.

"ಮೂರನೇ ಸಾಲಲ್ಲಿ ನಿಂತಿದ್ಲು. ಯಾವಾಗ್ಲೂ ಅವಸರ ಅವಳಿಗೆ," ಎಂದ. "ಹೋಗೋದ್ರಲ್ಲೂ ನನಗಿಂತ ಮುಂದೆ. ಆರು ವರ್ಷ ಆಯ್ತು."

ಅವಳು ಆ ಅರ್ಧ ತಾಳವನ್ನು ಅಳಿಸಲಿಲ್ಲ.

ಅಂದಿನಿಂದ ಪ್ರತಿ ಗುರುವಾರ ಮಧ್ಯಾಹ್ನ ಅವನು ಬರತೊಡಗಿದ. ಎರಡು ಕುರ್ಚಿ, ಎರಡು ಲೋಟ ಟೀ, ಆ ತಟ್ಟೆ. ಕೇಳಿ ಮುಗಿದ ಮೇಲೂ ಕೂತಿರುತ್ತಿದ್ದ. ಇಲಿ ಸಂಸಾರ ಹೂಡಿದ್ದ ಪಿಯಾನೊ, ಶ್ರುತಿ ಮಾಡಿಸಿ ವರ್ಷವಿಡೀ ಮುಚ್ಚಿಡುವ ಶ್ರೀಮಂತರು... ಅವನು ಹೇಳುತ್ತಿದ್ದರೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಬುಧವಾರವೇ ಯಾವ ಸೀರೆ ಉಡಲಿ ಎಂದು ಯೋಚಿಸುವ ತನ್ನ ಮೇಲೆ ತನಗೇ ನಾಚಿಕೆ.

ಆದರೆ ಆ ದನಿ ಅವಳ ಬೆನ್ನು ಬಿಡಲಿಲ್ಲ.

ನಲ್ಲಿ ತಿರುಗಿಸಿದರೆ ನೀರಿಗಿಂತ ಮೊದಲು ಅದು. ಲಿಫ್ಟಿನ ಬಾಗಿಲು ತೆರೆಯುವ ಮೊದಲು ಅದು. ಕನ್ನಡಿಯ ಮುಂದೆ ಕೂದಲು ಬಾಚುವಾಗ ಕಿವಿಯ ಹತ್ತಿರವೇ ಯಾರೋ ಉಸಿರೆಳೆದುಕೊಂಡಂತೆ.

"ನನ್ನವನು," ಎನ್ನುತ್ತಿದೆಯೇ ಅದು?

"ಸತ್ತವಳ ಮೇಲೆ ಹೊಟ್ಟೆಕಿಚ್ಚೇನೇ ನಿಂಗೆ?" ಅವಳ ಒಡಹುಟ್ಟಿದ ಅಕ್ಕ ಫೋನಿನಲ್ಲಿ ಕೇಳಿದಳು.

"ಬದುಕಿದ್ದಿದ್ರೆ ಜಗಳನಾದ್ರೂ ಆಡ್ಬಹುದಿತ್ತು ಅಕ್ಕ."

ಒಂದು ಸೋಮವಾರ, ಮರುಪ್ರಸಾರಕ್ಕೆ ಒಪ್ಪಿಗೆ ಪತ್ರ ಕೊಡಲು ಆ ಮೇಳದ ಹಳೆಯ ಗಾಯಕಿಯೊಬ್ಬರು ಬಂದರು. ಊರುಗೋಲು ಹಿಡಿದ ಅಜ್ಜಿ. ಕಿವಿಯಕ್ಕ ತಟ್ಟೆ ಹಾಕಿದಳು. ಹಾಡು ಆ ಜಾಗಕ್ಕೆ ಬಂದಾಗ ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದರು.

"ಅಯ್ಯೋ, ಇನ್ನೂ ಇದೆಯಾ ಇದು? ಅದು ನಾನಮ್ಮ. ಲೆಕ್ಕ ತಪ್ಪಿ ಬಾಯಿ ಹಾಕಿಬಿಟ್ಟೆ. ಪಕ್ಕದಲ್ಲಿ ನಿಂತಿದ್ದ ಹುಡುಗಿ ನನ್ನ ಕಾಲು ಹೆಂಗೆ ತುಳಿದ್ಲು ಅಂತೀಯ, ವಾರ ಕುಂಟಿದ್ದೆ. ಪಿಯಾನೊದವನನ್ನ ಮದ್ವೆ ಆದ್ಲಲ್ಲ, ಅವಳು."

ಕಿವಿಯಕ್ಕ ತಟ್ಟೆಯ ಮೇಲಿನ ಮುಳ್ಳನ್ನು ಎತ್ತಿಟ್ಟಳು.

ಹೇಳಿದರೆ, ಅವನ ಹೆಂಡತಿ ಎರಡನೇ ಸಲ ಸಾಯುತ್ತಾಳೆ. ಹೇಳದಿದ್ದರೆ, ಪ್ರತಿ ಗುರುವಾರವೂ ತಾನು ಅವನಿಗೆ ಮೋಸ ಮಾಡಿದಂತೆ. ಅದಕ್ಕಿಂತ ಹೆಚ್ಚು ಹೆದರಿಸಿದ್ದು ಬೇರೆ... ಹೇಳಿಬಿಡಲು ಮನಸ್ಸಿನ ಒಂದು ಮೂಲೆ ತವಕಿಸುತ್ತಿತ್ತು.

ಗುರುವಾರ ಅವಳು, "ಯಂತ್ರ ಕೆಟ್ಟಿದೆ," ಎಂದಳು. ಕಣ್ಣೆತ್ತಲಿಲ್ಲ.

"ಮುಂದಿನ ವಾರ?"

"ಗೊತ್ತಿಲ್ಲ."

ಅವನು ಚೀಲ ಹೆಗಲಿಗೇರಿಸಿದ. "ನಿಮಗೆ ತೊಂದ್ರೆ ಕೊಟ್ಟೆ ಅನ್ಸುತ್ತೆ," ಎಂದು ಮೆಟ್ಟಿಲು ಹತ್ತಿದ. ಆಮೇಲೆ ಬರಲಿಲ್ಲ. ಒಂದು ವಾರ, ಎರಡು, ಮೂರು. ಸ್ಟುಡಿಯೊಗೆ ಬೇರೆಯವರನ್ನು ಕಳಿಸಿದ.

ನಾಲ್ಕನೇ ವಾರ ಅವಳು ಅರ್ಧ ದಿನ ರಜೆ ಹಾಕಿ ಅವನ ಕಾರ್ಯಾಗಾರ ಹುಡುಕಿಕೊಂಡು ಹೋದಳು. ತೆರೆದ ಪಿಯಾನೊದೊಳಗೆ ಅವನ ತಲೆ, ನೆಲದ ತುಂಬ ಬಿಚ್ಚಿಟ್ಟ ತಂತಿ. ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟಳು. ಅಜ್ಜಿ ಬಂದದ್ದು, ಆ ದನಿ ಅಜ್ಜಿಯದು, ಯಂತ್ರ ಕೆಟ್ಟಿರಲಿಲ್ಲ.

ಅವನು ನಿಧಾನವಾಗಿ ಕೈ ಒರೆಸಿಕೊಂಡ.

"ನಂಗೆ ಗೊತ್ತಿತ್ತು."

"ಏನು?"

"ಮೊದಲನೇ ದಿನ ಅವಳೇ ಅನ್ಸ್ತು, ನಿಜ. ಎರಡನೇ ಗುರುವಾರಕ್ಕೇ ತಿಳೀತು. ತಂತಿ ಕೇಳಿ ಬದುಕೋನು ನಾನು, ಹೆಂಡ್ತಿ ದನಿ ಗೊತ್ತಾಗಲ್ವಾ?"

"ಮತ್ತೆ... ಯಾಕೆ ಬರ್ತಿದ್ರಿ?"

ಅವನು ನೆಲದ ಮೇಲಿನ ಒಂದು ತಂತಿ ಎತ್ತಿಕೊಂಡು ಸುತ್ತತೊಡಗಿದ.

"ಹೇಳಿದ್ರೆ ಬರೋಕೆ ನೆಪ ಇರ್ತಿರ್ಲಿಲ್ಲ. ಅವಳ ಹೆಸರು ಹೇಳ್ಕೊಂಡು ನಿಮ್ಮನ್ನ ನೋಡೋಕೆ ಬರ್ತಿದ್ದೆ. ಮನೆಗೆ ಹೋದ್ರೆ ಅವಳ ಫೋಟೊ ಕಡೆ ತಲೆ ಎತ್ತೋಕೆ ಆಗ್ತಿರ್ಲಿಲ್ಲ. ನೀವು ಯಂತ್ರ ಕೆಟ್ಟಿದೆ ಅಂದಾಗ, ನನ್ನ ಕಳ್ಳತನ ಗೊತ್ತಾಯ್ತು ಅಂದ್ಕೊಂಡೆ."

ಅವಳು ತಂತಿಗಳನ್ನು ದಾಟಿ ಒಂದು ಹೆಜ್ಜೆ ಹತ್ತಿರ ಬಂದಳು. ಆಮೇಲೆ, ಅವನಿಗೆ ಕೊಡಲು ತನ್ನ ಬಳಿ ಇನ್ನೊಂದು ಮಾತಿದೆ ಎಂದು ನೆನಪಾಯಿತು.

"ಅವರು ಅಲ್ಲೇ ಇದ್ರು. ತಪ್ಪು ಹಾಡಿದ್ದಕ್ಕೆ ಅಜ್ಜಿ ಕಾಲು ತುಳಿದ್ರಂತೆ. ಅಜ್ಜಿ ವಾರ ಕುಂಟಿದ್ರಂತೆ."

ಅವನು ಅವಳನ್ನೇ ನೋಡಿದ. ನಗು ಮೊದಲು ಬಂತು, ಕಣ್ಣೀರು ಅದರ ಹಿಂದೆಯೇ.

"ಕಾಲು ತುಳಿದ್ಲಾ? ಹಾಗಾದ್ರೆ ಅದು ಅವಳೇ... ನನ್ನ ಕಾಲೂ ಎಷ್ಟು ತುಳಿದಿದ್ದಾಳೆ."

ಅವಳೂ ನಗುತ್ತಾ ಕಣ್ಣೊರೆಸಿಕೊಂಡಳು. ಹೊರಗೆ ಯಾರದೋ ಸೈಕಲ್ ಗಂಟೆಯ ಸದ್ದಾಯಿತು. ಬರೀ ಗಂಟೆ, ಅದಕ್ಕಿಂತ ಮೊದಲು ಬೇರೆ ಯಾವ ದನಿಯೂ ಕೇಳಲಿಲ್ಲ.

ಅವನು ಮತ್ತೆ ಪಿಯಾನೊದೊಳಗೆ ಬಾಗಿದ.

"ಆ ಕರೀ ಕೀ ಒತ್ತಿ ಹಿಡ್ಕೊಳ್ತೀರಾ? ನಂಗೆ ಎರಡೇ ಕೈ."

ಅವಳು ಬಂದು ಪಕ್ಕದಲ್ಲಿ ಕೂತು ಒತ್ತಿದಳು.

"ಎಷ್ಟು ಹೊತ್ತು ಹಿಡ್ಕೋಬೇಕು?"

"ನಿಮಗೆ ಅವಸರ ಇದ್ಯಾ?"

"ಇಲ್ಲ," ಎಂದಳು ಅವಳು. "ನಂಗೇನೂ ಅವಸರ ಇಲ್ಲ."